ಇಪ್ಪತ್ತೆರಡು ಹೆಜ್ಜೆಯ ಮನೆ

ಮೇಲಿನ ಕೀಲು ಬಿಡಲೊಲ್ಲದು.

ಜವಾನ ಕರಿಯಯ್ಯ ಹಾರೆಯ ತುದಿಯನ್ನು ಚೌಕಟ್ಟಿನ ಸಂದಿಗೆ ತೂರಿಸಿ ಮೀಟಿದ. ಮರ ನರಳಿತು. ಬಾಗಿಲು ಕದಲಲಿಲ್ಲ.

"ನಮ್ಮತ್ತೆ ಇದ್ದಂಗದೆ ಬುದ್ದಿ. ಬಂದ್ ಮ್ಯಾಲೆ ಓಗಕ್ಕಿಲ್ಲ."

ಸಿದ್ದರಾಮು ನಗಬೇಕೋ ಬೇಡವೋ ತಿಳಿಯದೆ ಕೈಯಲ್ಲಿದ್ದ ಜಪ್ತಿ ಹುಕುಮನ್ನು ಮತ್ತೆ ಓದಿದ. ಮನೆ ಕಂದಾಯ ಕಟ್ಟದ ಜೈನಾಬ್ ಬೀ ಎಂಬ ವಿಧವೆಯ ಸ್ವತ್ತನ್ನು ಪುರಸಭೆಯು ವಶಪಡಿಸಿಕೊಳ್ಳತಕ್ಕದ್ದು. ಹೊತ್ತು ತರುವಂಥದ್ದು ಏನೂ ಸಿಗದ ಕಡೆ ಬೀದಿಬಾಗಿಲನ್ನೇ ಬಿಚ್ಚಿ ತರುವುದು ಪುರಸಭೆಯ ಹಳೆಯ ವಾಡಿಕೆ.

"ಒಳಗೆ ಏನೂ ಇಲ್ಲ ಅಂತ ನಿನಗೆ ಹೇಗೆ ಗೊತ್ತು?" ಎಂದು ದಾರಿಯಲ್ಲಿ ಕೇಳಿದ್ದ.

"ಊರ್ಗೆಲ್ಲ ಗೊತ್ತು ಬುದ್ದಿ. ನೀವು ಬರ್ದಿರದೇ ಬ್ಯಾರೆ."

ಜವಾನನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಬೈಯಬಹುದಿತ್ತು.

ಯುದ್ಧ ಶುರುವಾದ ಮೇಲೆ ಪಟ್ಟಣದಲ್ಲಿ ಬಾಡಿಗೆ ಏರಿತ್ತು. ಹೋದ ವರ್ಷ ಮನೆಗಳನ್ನೆಲ್ಲ ಹೊಸದಾಗಿ ಅಳೆದು ಕಂದಾಯ ನಿಗದಿ ಮಾಡುವ ಕೆಲಸ, ಮೈಸೂರಿನಲ್ಲಿ ಬಿ.ಎ. ಮಾಡಿ ಬಂದು ಪುರಸಭೆಯಲ್ಲಿ ಗುಮಾಸ್ತನಾಗಿದ್ದ ಸಿದ್ದರಾಮುವಿನ ಪಾಲಿಗೆ ಬಂತು. ಈ ಬಾಗಿಲ ಮುಂದೆಯೂ ಬಂದು ನಿಂತಿದ್ದ. ಹೆಂಗಸರು ಮರೆಯಲ್ಲಿರುವ ಗೋಷಾ ಮನೆಯ ಮುಂದೆ ಹೇಗೆ ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು. ಒಮ್ಮೆ ಕೆಮ್ಮಬೇಕು, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು, ಕರೆಯುವವರೆಗೆ ಕಾಯಬೇಕು. ಕೆಮ್ಮಿದ್ದ, ಸರಿದಿದ್ದ.

"ಒಸಿ ನಿಂತ್ಕಳಿ ಸ್ವಾಮಿ," ಎಂದಿತ್ತು ಒಳಗಿನ ದನಿ. "ಮಗಳನ್ನ ಸರಿಸ್ಬುಟ್ಟು ಕರೀತೀನಿ."

ಅವನು ಕಾಯಲಿಲ್ಲ. ಕೆನ್ನೆ ಬಿಸಿಯಾಗಿತ್ತು. ಬೀದಿಯ ಗೋಡೆಯುದ್ದಕ್ಕೂ ಹೆಜ್ಜೆ ಹಾಕಿ ಎಣಿಸಿದ. ಇಪ್ಪತ್ತೆರಡು. ಅಷ್ಟು ಉದ್ದದ ಗೋಡೆಯ ಹಿಂದೆ ಮೂರು ಕೋಣೆ, ಒಂದು ಅಡುಗೆಮನೆ ಇರಲೇಬೇಕು. ಹಾಗೆಂದೇ ಬರೆದ. ಆ ಸಂಜೆ ತನ್ನ ನಡತೆ ಎಷ್ಟು ಸಭ್ಯವಾದದ್ದು ಎಂದು ಸಮಾಧಾನ ಪಟ್ಟದ್ದೂ ಉಂಟು.

ಪುರಸಭೆಯ ಅಧ್ಯಕ್ಷ ಚೌಡಯ್ಯನವರ ಮನೆಯಲ್ಲಿ ಸಂಕೋಚವಾಗಲಿಲ್ಲ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಅವನು ಮಹಡಿ ಹತ್ತಿ ನೋಡಲಿಲ್ಲ. ಮಹಡಿ ಇದೆಯೆಂದು ಬರೆಯಲೂ ಇಲ್ಲ.

ಆಮೇಲೆ ಜೈನಾಬ್ ಬೀಯ ತಕರಾರು ಅರ್ಜಿ ಸಭೆಗೆ ಬಂತು. ಮನೆಯಲ್ಲಿರುವುದು ಒಂದೇ ಕೋಣೆ, ಬೀಡಿ ಸುತ್ತಿ ಇಷ್ಟು ಕಂದಾಯ ಕಟ್ಟಲಾರೆ ಎಂದು ಯಾರೋ ಬರೆದುಕೊಟ್ಟಿದ್ದರು. ಚೌಡಯ್ಯ ಕನ್ನಡಕದ ಮೇಲಿಂದ ನೋಡಿದರು.

"ಒಳಗೆ ಹೋಗಿ ನೋಡಿದೀರೇನ್ರೀ?"

"ನೋಡಿದ್ದೇನೆ."

ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಅರ್ಜಿ ವಜಾ ಆಯಿತು.

ಮೇಲಿನ ಕೀಲು ಕೊನೆಗೂ ಕಿತ್ತು ಬಂತು. ಕರಿಯಯ್ಯ ಬಾಗಿಲನ್ನು ತೋಳಿಗೆ ಒರಗಿಸಿಕೊಂಡು ಹಿಂದೆ ಸರಿದ. ಕಣ್ಣು ಮುಚ್ಚಿಕೊಳ್ಳಬೇಕೆನ್ನುವಷ್ಟರಲ್ಲಿ ಸಿದ್ದರಾಮು ನೋಡಿಬಿಟ್ಟಿದ್ದ.

ಒಂದು ಕೋಣೆ. ಒಂದು ಒಲೆ. ಮೊರದ ತುಂಬ ಬೀಡಿ ಎಲೆ. ಮೂಲೆಯಲ್ಲಿ ಎತ್ತಿ ಹಿಡಿದ ಕೌದಿ, ಅದರ ಕೆಳಗೆ ಎರಡು ಪಾದ. ಮಗಳಿರಬೇಕು. ಪಕ್ಕದ ಗೋಡೆಯ ಕಿಟಕಿಯಾಚೆ ಸೂರಿಲ್ಲದ ಬಯಲು, ಮುರಿದ ಗೊಂತು, ಬಿಸಿಲು. ಬೀದಿಯ ಉದ್ದನೆಯ ಗೋಡೆ ಎಂದೋ ಬಿದ್ದುಹೋದ ಜಟಕಾ ಲಾಯದ್ದು. ಬೇಡವೆಂದರೂ ಮನಸ್ಸು ಕೋಣೆಯನ್ನು ಅಳೆಯಿತು. ಐದು ಹೆಜ್ಜೆ.

ಜೈನಾಬ್ ಬೀ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹೊಸ್ತಿಲ ಒಳಗೆ ನಿಂತಿದ್ದಳು. ಅವನ ತಾಯಿಯ ವಯಸ್ಸು.

"ಅವತ್ತು ನಿಂತ್ಕಳಿ ಅಂದೆ. ನೀವು ಓಗ್ಬುಟ್ರಿ."

ಅವನು ಕಾಗದ ಮಡಚಿದ.

"ಈಗ ಬನ್ನಿ ಸ್ವಾಮಿ. ಕೆಮ್ಮೋದೂ ಬ್ಯಾಡ. ಬಂದು ಎಣಿಸ್ಕಳಿ."

"ಅರ್ಜಿ ಕೊಡಿ. ನೋಡೋಣ."

"ಕೊಟ್ಟಿದ್ದೆ."

"ಇನ್ನೊಂದು ಕೊಡಿ."

"ಅಲ್ಲೀಗಂಟ ನನ್ ಮಗಳು ಕೌದಿ ಇಡ್ಕೊಂಡೇ ನಿಂತಿರ್ಬೇಕಾ?"

ಎದುರುಮನೆಯ ಜಗುಲಿಯಿಂದ ಬೆಟ್ಟಮ್ಮ ಎಲೆಯಡಿಕೆ ಉಗಿದು ಹೇಳಿದಳು: "ಸುಮ್ಕಿರು ಜೈನಾಬಮ್ಮ. ಓದ್ಕಂಡವ್ರು ಕಣಮ್ಮ. ನಾವಾದ್ರೆ ಕೋಳಿ ಕದ್ದೇವು. ಬಾಗ್ಲು ಕದಿಯಾಕೆ ಮೈಸೂರ್ಗೇ ಓಗಿ ಕಲ್ತು ಬರ್ಬೇಕು."

ಯಾರೋ ನಕ್ಕರು. ಒಂದು ವಾಕ್ಯ ಸಾಕಿತ್ತು: ನಾನು ಒಳಗೆ ನೋಡಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದ.

"ಕರಿಯಯ್ಯ, ಎತ್ತು."

ಬಾಗಿಲು ಕರಿಯಯ್ಯನ ತಲೆಯೇರಿ ಪೇಟೆಬೀದಿಯಲ್ಲಿ ಮುಂದೆ ಹೋಯಿತು. ಸಿದ್ದರಾಮು ಹತ್ತು ಮಾರು ಹಿಂದೆ, ತನಗೂ ಅದಕ್ಕೂ ಸಂಬಂಧವಿಲ್ಲದವನಂತೆ ನಡೆದ. ಮಳವಳ್ಳಿ ಕಡೆಯಿಂದ ಬಂದ ಇದ್ದಿಲಿನಲ್ಲಿ ಓಡುವ ಬಸ್ಸು ಹೊಗೆಯುಗುಳುತ್ತ ನಿಂತು ಬಾಗಿಲಿಗೆ ದಾರಿ ಬಿಟ್ಟಿತು. ಪ್ರಯಾಣಿಕರು ಬಾಗಿಲನ್ನು ನೋಡಿದರು. ಆಮೇಲೆ, ಹತ್ತು ಮಾರು ಬಿಟ್ಟು, ಅವನನ್ನು ನೋಡಿದರು.

ಕಚೇರಿಯ ಜಗುಲಿಯಲ್ಲಿ ಚೌಡಯ್ಯ ಬೆರಳು ಮಡಿಸಿ ಹಲಗೆಯನ್ನು ಬಡಿದು ನೋಡಿದರು.

"ಬೇವು. ಗಟ್ಟಿಯಾಗಿದೆ. ಗಲಾಟೆ ಏನೂ ಆಗಲಿಲ್ಲವಷ್ಟೆ?"

"ಇಲ್ಲ."

"ಮನೆ ದೊಡ್ಡದೇ ತಾನೆ?"

ಕರಿಯಯ್ಯ ಬೆವರು ಒರೆಸುವುದನ್ನು ನಿಲ್ಲಿಸಿ ಅವನತ್ತ ನೋಡಿದ.

"ಸಾಧಾರಣ," ಎಂದ ಸಿದ್ದರಾಮು.

ಚೌಡಯ್ಯ ತಲೆಯಾಡಿಸಿ ಹೊರಟರು. ಕರಿಯಯ್ಯ ಬಾಗಿಲನ್ನು ಗೋಡೆಗೆ ಒರಗಿಸಿ ನೀರು ಕುಡಿಯಲು ಹೋದ. ಹೋಗುವಾಗ ಅವನು 'ಬುದ್ದಿ' ಎನ್ನಲಿಲ್ಲ.

ಸಿದ್ದರಾಮು ಮೇಜಿನ ಮುಂದೆ ಕೂತು ವರದಿ ಬರೆಯತೊಡಗಿದ. 'ಸ್ಥಳಕ್ಕೆ ಖುದ್ದು ಹೋಗಿ ನೋಡಲಾಗಿ' ಎಂಬಲ್ಲಿಗೆ ಲೇಖನಿ ನಿಂತಿತು. ಈ ಸಲ ಅದು ಸುಳ್ಳಲ್ಲ. ಮುಂದೆ ಬರೆಯಬೇಕಾದ ಐದು ಹೆಜ್ಜೆ ಬರೆಯಲಾಗಲಿಲ್ಲ. ಶಾಯಿ ಒಣಗಿತು.

ಐದು ಗಂಟೆಗೆ ಎಲ್ಲರೂ ಹೋದ ಮೇಲೆ ಜಗುಲಿಗೆ ಬಂದ. ಬಾಗಿಲು ನೆಟ್ಟಗೆ ನಿಂತಿತ್ತು. ಚಿಲಕದ ಸುತ್ತ ವರ್ಷಗಳಿಂದ ಕೈ ಮುಟ್ಟಿ ನಯವಾಗಿದ್ದ ಜಾಗ. ಅದರ ಹಿಂದೆ ಕಚೇರಿಯ ಗೋಡೆ, ಗೋಡೆಗೆ ಹೊಸ ಸುಣ್ಣ.

ಅವನಿಗೇ ತಿಳಿಯದಂತೆ ಒಮ್ಮೆ ಕೆಮ್ಮಿದ.

ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕರೆಯಲೆಂದು ಕಾಯುತ್ತ ನಿಂತ.