ದೋಣಿಯವಳ ದನಿ

“ನನ್ನ ದನಿ ಎಲ್ಲಿ ಬರುತ್ತೆ ಅಂತ ಒಂದು ಚೀಟೀಲಿ ಬರೆದುಕೊಟ್ಟುಬಿಡಪ್ಪ. ಆಡೋದೇನೋ ಅಕ್ಕನ ಮೊಮ್ಮಗಳು ಆಡ್ತಾಳೆ. ಆದ್ರೆ ಅವಳು ಕೂತಳು ಅಂದ್ರೆ ಅರ್ಧ ದಿನ ಮರ ಕಡಿದುಕೊಂಡೇ ಇರ್ತಾಳೆ. ನಂಗೆ ಸೀದಾ ದೋಣಿ ಹತ್ರ ಹೋಗೋ ದಾರಿ ಬೇಕು.”

ಹೀಗೆನ್ನುತ್ತ ದೊಡ್ಡಕ್ಕ ಚಹಾದ ಲೋಟವನ್ನು ಎರಡು ಕೀಬೋರ್ಡುಗಳ ನಡುವೆ ಉಳಿದಿದ್ದ ಅಂಗೈಯಗಲದ ಜಾಗದಲ್ಲಿ ಇಟ್ಟಳು. ಸೌಂಡ್ ನೋಡಿಕೊಳ್ಳುವವನು ಪರದೆಯಿಂದ ಕಣ್ಣು ಕೀಳಲಿಲ್ಲ. ಆ ಆಫೀಸಿನ ಇಪ್ಪತ್ತಾರು ಜನ ಐದು ವರ್ಷ ತಿದ್ದಿ ತೀಡಿ ಮಾಡಿದ ವಿಡಿಯೊ ಗೇಮ್ ನಾಳೆ ಬೆಳಿಗ್ಗೆ ಹತ್ತಕ್ಕೆ ಬಿಡುಗಡೆಯಾಗಲಿತ್ತು. ಆರು ವಾರದಿಂದ ಯಾರೂ ನೆಟ್ಟಗೆ ಮನೆಯ ಮುಖ ನೋಡಿರಲಿಲ್ಲ. ಅವನ ಕಣ್ಣಿನ ಕೆಳಗಿನ ಚರ್ಮ ನೆಂದ ಕಾಗದದ ಹಾಗೆ ಜೋತುಬಿದ್ದಿತ್ತು.

ಅವನ ನಿಜವಾದ ಹೆಸರನ್ನು ಆಫೀಸಿನವರು ಮರೆತೇ ಎಷ್ಟೋ ವರ್ಷಗಳಾಗಿದ್ದವು. ಮೂರು ಕೋಣೆ ಆಚೆ ಫ್ರಿಜ್ ಗುಂಯ್‌ಗುಡುವುದು ನಿಂತರೂ ಇವನಿಗೆ ಗೊತ್ತಾಗುತ್ತದೆ ಎಂದು ಎಲ್ಲರೂ ‘ಕಿವಿ’ ಎನ್ನುತ್ತಿದ್ದರು. ದೊಡ್ಡಕ್ಕನಿಗೆ ಅದು ಒರಟೆನಿಸಿ, ‘ಕಿವಿಯಪ್ಪ’ ಮಾಡಿಕೊಂಡಿದ್ದಳು. ಅವಳೂ ಹೆಸರಿಗಷ್ಟೇ ದೊಡ್ಡಕ್ಕ. ಚಹಾ ಮಾಡುವುದು, ಕಸ ಗುಡಿಸುವುದು, ನೆಲ ಒರೆಸುವುದು, ಊಟ ಬಿಟ್ಟವರನ್ನು ಗದರುವುದು ಎಲ್ಲವೂ ಇಲ್ಲಿ ಅವಳ ಪಾಲಿಗೆ. ಮನೆಯಲ್ಲಿ ಇವಳೇ ಕೊನೆಯವಳು. ಐವತ್ತೇಳು ದಾಟಿದರೂ ಸ್ವಂತ ಅಕ್ಕ ಇವತ್ತಿಗೂ ‘ಚಿಕ್ಕಿ’ ಎಂದೇ ಕರೆಯುತ್ತಾಳೆ.

“ಬರೀತೀನಿ ದೊಡ್ಡಕ್ಕ, ಆಮೇಲೆ.”

“ನಿನ್ನ ಆಮೇಲೆ ನಾಲ್ಕು ದಿನದಿಂದ ನಡೀತಿದೆ. ನಾಳೆ ಆಟ ನೋಡೋಕೆ ಎಂಟು ಜನ ಮನೆಗೆ ಬರ್ತಿದಾರೆ, ಎಂಟು! ಭಾವ ಸೊಂಟ ಹಿಡ್ಕೊಂಡೇ ಬರ್ತಾರಂತೆ. ನಮ್ಮಕ್ಕ ನಾಲ್ಕು ವರ್ಷದಿಂದ ಮೂಗು ಮುರೀತಾನೇ ಇದಾಳೆ. ‘ನೆಲ ಒರೆಸೋಳ ದನೀನ ಆಟದಲ್ಲಿ ಹಾಕ್ತಾರಂತೆ, ಇವಳು ನಂಬಿದ್ದಲ್ದೆ ನಮ್ಮನ್ನೂ ನಂಬು ಅಂತಾಳೆ’ ಅಂತ ಕಂಡಕಂಡವರ ಹತ್ರ ಆಡಿಕೊಂಡು ನಕ್ಕಿದಾಳೆ. ನಾಳೆ ಅವಳ ಕಿವಿಗೆ ಬೀಳಲಿ, ಆಮೇಲೆ ನೋಡು. ಬರಿ ಈಗ. ನಾನಿಲ್ಲೇ ನಿಂತಿರ್ತೀನಿ.”

ಕಿವಿ ಒಂದು ಹಳದಿ ಚೀಟಿ ಎಳೆದುಕೊಂಡ. ‘ಒಂದು. ಹೊಸ ಆಟ ಶುರುಮಾಡಿ’ ಎಂದು ಬರೆದ. ‘ಎರಡು. ಹಳ್ಳಿಯಿಂದ ಎಡಕ್ಕೆ, ಬಿದಿರು ಮೆಳೆಯವರೆಗೆ’ ಎಂದು ಬರೆದ. ಮೂರು ಎಂದು ಬರೆದು ಪೆನ್ನು ಹಾಗೇ ಹಿಡಿದು ಕೂತ.

ಆಟ ಕಟ್ಟುವಾಗ ಮೊದಮೊದಲು ಯಾವುದೂ ಅಸಲಿಯಲ್ಲ. ಮನೆಯೆಂದರೆ ಬೂದು ಪೆಟ್ಟಿಗೆ, ಮರವೆಂದರೆ ಹಸಿರು ಕಂಬ. ಮಾತಿಗೂ ಅಷ್ಟೆ, ಆ ಹೊತ್ತಿಗೆ ಕೈ ಖಾಲಿಯಿದ್ದವರನ್ನು ಹಿಡಿದು ತಂದು ಓದಿಸಿಬಿಡುವುದು, ಕೊನೆಯಲ್ಲಿ ಕಲಾವಿದರನ್ನು ಕರೆಸಿ ಬದಲಾಯಿಸುವುದು. ನಾಲ್ಕು ವರ್ಷದ ಹಿಂದೆ ಆಟದಲ್ಲಿ ನದಿ ದಾಟಿಸುವ ಹೆಂಗಸಿಗೆ ದನಿ ಬೇಕಾದಾಗ ದೊಡ್ಡಕ್ಕ ಒರೆಸುವ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಿವಿ ಅವಳನ್ನು ಸಾಮಾನಿನ ಕೋಣೆಗೆ ಕರೆದೊಯ್ದು, ಪ್ರತಿಧ್ವನಿ ಬರದಂತೆ ಸುತ್ತ ಕಂಬಳಿ ತೂಗುಹಾಕಿ, ಕೈಗೊಂದು ಹಾಳೆ ಕೊಟ್ಟಿದ್ದ. ‘ಪಯಣಿಗನೇ, ದೋಣಿ ಹತ್ತು’ ಎಂದಿತ್ತು ಅದರಲ್ಲಿ. “ಹೀಗೆ ಯಾರು ಕರೀತಾರಪ್ಪ?” ಎಂದು ಅವಳು ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಮೈಕಿನ ಕಡೆ ತಿರುಗಿ ಕೂಗಿದ್ದಳು: “ಏಯ್, ಬರೋದಾದ್ರೆ ಬಾ, ಇಲ್ಲಾಂದ್ರೆ ದಾರಿ ಬಿಡು! ಕಾಲು ಒರೆಸ್ಕೊಂಡು ಹತ್ತು, ಈಗಷ್ಟೇ ತೊಳೆದಿದೀನಿ!”

ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತ್ತು. ಗೊಂಬೆಗಳಿಗೆ ನಡಿಗೆ ಕಲಿಸುವ ಹುಡುಗಿ ಮೂರು ದಿನ ಪಟ್ಟುಹಿಡಿದು ಕೂತು, ಆಡುವವರು ನಡೆಸುವ ಪಯಣಿಗ ದೋಣಿಯ ಹಲಗೆಗೆ ಕಾಲು ಉಜ್ಜಿ ಹತ್ತುವಂತೆ ಮಾಡಿದ್ದಳು. “ಪಕ್ಕಾ ದೊಡ್ಡಕ್ಕ, ಕೊನೇವರೆಗೂ ನಿಮ್ದೇ ದನಿ” ಎಂದಿದ್ದ ಕಿವಿ. ದಾರಿಯಲ್ಲಿ ಸಿಕ್ಕವರಿಗೆ ಒಮ್ಮೆ ಮನೆಗೆ ಬನ್ನಿ ಎನ್ನುತ್ತೇವಲ್ಲ, ಹಾಗೆ.

ಎಂಟು ತಿಂಗಳ ಹಿಂದೆ ಆಟವನ್ನು ಮಾರುವ ಕಂಪನಿಯವರು ನಾಟಕದಲ್ಲಿ ಪಳಗಿದ ನಟಿಯೊಬ್ಬಳಿಂದ ಆ ಮಾತುಗಳನ್ನೆಲ್ಲ ಹೊಸದಾಗಿ ಆಡಿಸಿ ಕಳಿಸಿದರು. ಅರವತ್ತೊಂದು ಮಾತು. ಕಿವಿಯೇ ಕೂತು ಹಳೆಯದರ ಮೇಲೆ ಹೊಸದನ್ನು ಒಂದೊಂದಾಗಿ ಕೂರಿಸಿದ್ದ. ಒಂದು ಮಧ್ಯಾಹ್ನದ ಕೆಲಸ. ದೊಡ್ಡಕ್ಕನಿಗೆ ನಾಳೆ ಹೇಳಿದರಾಯಿತು ಎಂದುಕೊಂಡ. ಉಳಿದವರು ಅವನು ಹೇಳಿರುತ್ತಾನೆ ಎಂದುಕೊಂಡರು. ಅವಳಿಗೆ ಅನುಮಾನ ಬರಲು ದಾರಿಯೇ ಇರಲಿಲ್ಲ. ಮುಂಬಾಗಿಲ ಬಳಿ ಬಂದವರಿಗೆಂದು ಹಾಕಿದ್ದ ದೊಡ್ಡ ಟೀವಿಯಲ್ಲಿ ಓಡುತ್ತಿದ್ದದ್ದು ಇದೇ ಆಟದ ಎರಡು ವರ್ಷದ ಹಿಂದಿನ ರೂಪ. ಅದೊಂದೇ ನಡುವೆ ಎಲ್ಲೂ ಕೆಟ್ಟು ನಿಲ್ಲದೆ ಓಡುತ್ತದೆಂದು ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಸೋಫಾ ಒರೆಸುವಾಗಲೆಲ್ಲ ದೊಡ್ಡಕ್ಕ ತನ್ನ ದನಿಯನ್ನೇ ಕೇಳುತ್ತಿದ್ದಳು.

ಬಾಗಿಲು ತೆರೆದು, ಆಟದಲ್ಲಿ ತಪ್ಪು ಹುಡುಕುವ ಕೆಲಸದವಳು ತಲೆ ತೂರಿಸಿದಳು. “ಕಿವಿ, ಕುದುರೆ ಹುಲ್ಲಿನ ಮೇಲೆ ಹೋದ್ರೂ ಕಲ್ಲಿನ ಸದ್ದೇ ಬರ್ತಿದೆ.”

“ಇವತ್ತು ಮುಟ್ಟಲ್ಲ. ಬಿಡುಗಡೆ ಆದ್ಮೇಲೆ ಸರಿಮಾಡೋಣ.”

“ಕುದುರೆಗೆ ಹೇಳಿಬಿಡ್ತೀನಿ” ಎಂದು ಆಕಳಿಸುತ್ತ ಅವಳು ಹೋದಳು.

ಕಿವಿಗೆ ಆ ಮೂರನೆಯ ಸಾಲು ಬರೆಯಲಾಗಲಿಲ್ಲ. ಪೆನ್ನು ಕೆಳಗಿಟ್ಟ.

“ದೊಡ್ಡಕ್ಕ, ಕೂತ್ಕೊಳ್ಳಿ.”

“ನೆಲ ಒದ್ದೆ ಬಿಟ್ಟು ಬಂದಿದೀನಿ. ಹೇಳು.”

“ನಾಳೆ ಬರೋ ಆಟದಲ್ಲಿ ನಿಮ್ಮ ದನಿ ಇಲ್ಲ.”

ದೊಡ್ಡಕ್ಕ ನಕ್ಕಳು. “ತಮಾಷೆ ಸಾಕು. ಇವತ್ತು ಬೆಳಿಗ್ಗೆ ಕೂಡ ಕೇಳಿದೆ.”

“ಟೀವಿಯಲ್ಲಿರೋದು ಹಳೇದು. ಹೊಸದರಲ್ಲಿ ಬೇರೆಯವರ ದನಿ ಹಾಕಿದೀವಿ. ಎಂಟು ತಿಂಗಳಾಯ್ತು.”

ಅವಳು ಭುಜದ ಮೇಲಿನ ಒರೆಸುವ ಬಟ್ಟೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿದಳು. ಮತ್ತೆ ಬಿಡಿಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

“ಯಾರು ತೆಗೆದಿದ್ದು?”

“ನಾನೇ.”

“ಬೇರೆ ಯಾರೋ ತೆಗೆದ್ರು ಅನ್ನಬಹುದಿತ್ತಲ್ಲ.”

“ಅನ್ನಬಹುದಿತ್ತು.”

“ಎಂಟು ತಿಂಗಳು ದಿನಾ ನನ್ನ ಕೈಯಿಂದ ಚಹಾ ಇಸ್ಕೊಂಡು ಕುಡಿದೆ.”

“ಕುಡಿದೆ.”

ಚಹಾ ಕೆನೆಗಟ್ಟುತ್ತಿತ್ತು. ಮುಟ್ಟುವುದಕ್ಕೆ ಅವನಿಗೆ ಧೈರ್ಯ ಬರಲಿಲ್ಲ.

“ಹಾಕು ನೋಡೋಣ” ಎಂದಳು ದೊಡ್ಡಕ್ಕ ಕೊನೆಗೆ. “ಹೇಗೆ ಕರೀತಾಳೆ ಅಂತ ಕೇಳ್ತೀನಿ.”

ಕಿವಿ ತನ್ನ ಹೆಡ್‌ಫೋನನ್ನು ಅವಳಿಗೆ ಕೊಟ್ಟು, ನಾಳಿನ ಆಟವನ್ನು ತೆರೆದು, ಬಿದಿರು ಮೆಳೆ ದಾಟಿಸಿ, ನದಿಯ ದಡಕ್ಕೆ ತಂದು ನಿಲ್ಲಿಸಿದ. ಮುಂಬಾಗಿಲ ಟೀವಿಯ ಹಳೆಯ ಆಟದಲ್ಲಿ ನದಿ ನೆಲಕ್ಕೆ ಹಾಸಿದ ನೀಲಿ ಪ್ಲಾಸ್ಟಿಕ್ಕಿನಂತಿತ್ತು. ದೋಣಿಯವಳು ಮುಖವೇ ಇಲ್ಲದ ಬೂದು ಗೊಂಬೆ. ಇಲ್ಲಿ ನೀರಿನ ಮೇಲೆ ಬೆಳಕು ಒಡೆದು ಚೂರುಚೂರಾಗುತ್ತಿತ್ತು. ದೋಣಿಯವಳಿಗೆ ಕಣ್ಣಿನಂಚಿನಲ್ಲಿ ಸುಕ್ಕು, ಬಿಸಿಲಿಗೆ ಸೀಳಿದ ತುಟಿ, ಗಾಳಿಗೆ ಹಾರುವ ಒಂದೆರಡು ಬಿಳಿ ಕೂದಲು. ಆ ತುಟಿ ಅಲುಗಿತು. ‘ಬಾ, ಪಯಣಿಗ’ ಎಂದಿತು ಗಂಭೀರವಾದೊಂದು ದನಿ. ‘ಈ ನದಿ ಎಷ್ಟೋ ಹೆಜ್ಜೆಗಳನ್ನು ನುಂಗಿದೆ.’

ದೊಡ್ಡಕ್ಕ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಪೂರ್ತಿ ಕೇಳಿ, ತೆಗೆದಿಟ್ಟಳು.

“ಇವಳ ದೋಣಿ ಹತ್ತಿದ್ರೆ ಆಚೆ ದಡ ಮುಟ್ಟೋ ಅಷ್ಟರಲ್ಲಿ ಕತ್ತಲಾಗುತ್ತೆ” ಎಂದಳು. ಮತ್ತೆ ದೋಣಿಯವಳ ಮುಖ ನೋಡಿ, “ದನಿ ಚೆನ್ನಾಗಿದೆ. ಸುಳ್ಯಾಕೆ ಹೇಳ್ಲಿ. ಆ ಮುಖಕ್ಕೆ ಹೊಂದುತ್ತೆ” ಎಂದಳು.

ಕಿವಿ ಗುಂಡಿ ಒತ್ತಿದ. ಪಯಣಿಗ ದೋಣಿಯತ್ತ ನಡೆದ. ಹಲಗೆಯ ಮೇಲೆ ನಿಂತು ಬಲಗಾಲನ್ನು ಎರಡು ಸಲ, ಎಡಗಾಲನ್ನು ಒಂದು ಸಲ ಉಜ್ಜಿ, ಹತ್ತಿ ಕೂತ.

ದೊಡ್ಡಕ್ಕ ಮುಂದಕ್ಕೆ ಬಾಗಿದಳು. “ಇವನ್ಯಾಕೆ ಕಾಲು ಒರೆಸ್ಕೊಂಡ? ಅವಳು ಹೇಳಲೇ ಇಲ್ವಲ್ಲ?”

“ಇಲ್ಲ. ಆ ಮಾತು ತೆಗೆದ್ರು. ಒರೆಸೋದನ್ನೂ ತೆಗೆಯೋಕೆ ನೋಡಿದ್ವಿ. ತೆಗೆದ್ರೆ ಅವನ ಕಾಲು ಹಲಗೆಯೊಳಗೆ ಹೂತುಹೋಗ್ತಿತ್ತು. ಏನು ಮಾಡಿದ್ರೂ ಸರಿಹೋಗಲಿಲ್ಲ. ಸುಮ್ನೆ ಬಿಟ್ಟುಬಿಟ್ವಿ.”

“ಅಂದ್ರೆ ನಾಳೆ ಆಡೋರೆಲ್ಲ…”

“ಎಲ್ಲರೂ ಒರೆಸ್ಕೊಂಡೇ ಹತ್ತಬೇಕು. ಬೇರೆ ದಾರಿ ಇಲ್ಲ.”

“ಯಾಕೆ ಅಂತ ಗೊತ್ತಿಲ್ದೆ?”

“ಗೊತ್ತಿಲ್ದೆ.”

“ಇಳಿಸು. ಇನ್ನೊಂದ್ಸಲ ಹತ್ತಿಸು.”

ಅವನು ಇಳಿಸಿ ಹತ್ತಿಸಿದ. ಮತ್ತೂ ಒಮ್ಮೆ ಹತ್ತಿಸಿದ. ಮೂರನೆಯ ಸಲ ದೊಡ್ಡಕ್ಕ ತಲೆಯಾಡಿಸಿದಳು. “ಎಡಗಾಲು ಸರಿಯಾಗಿ ಒರೆಸಲ್ಲ ಇವನು.”

ಅವನಿಗೆ ನಗು ಬಂತು. “ದೊಡ್ಡಕ್ಕ, ಬೇಕಾದ್ರೆ ಹಳೇದನ್ನ ಒಂದು ಪೆನ್‌ಡ್ರೈವಲ್ಲಿ ಹಾಕಿಕೊಡ್ತೀನಿ. ನಾಳೆ ಅವರಿಗೆ ಅದನ್ನೇ ತೋರಿಸಿ.”

“ಕೊಟ್ರೆ ನಿನ್ನ ಕೆಲಸಕ್ಕೆ ಸಂಚಕಾರ ಬರುತ್ತಾ?”

“ಹೊರಗೆ ಕೊಡಬಾರದು. ಗೊತ್ತಾದ್ರೆ ಬರುತ್ತೆ.”

“ಬೇಡ. ಅದೂ ಅಲ್ದೆ, ಆ ಬಾಯಿಲ್ಲದ ಗೊಂಬೆ ತೋರಿಸಿ ಇದೇ ನಾನು ಅಂದ್ರೆ ನಮ್ಮಕ್ಕ ಬಿಡ್ತಾಳಾ? ‘ಹುಟ್ಟಿದಾಗಿಂದ ನೋಡ್ತಿದೀನಿ, ನಿಂಗೆ ಬಾಯಿಲ್ದಿರೋದು ಇವತ್ತೇ ನೋಡಿದ್ದು’ ಅಂತಾಳೆ.”

ಅಕ್ಕನ ಮಾತು ಬಾಯಿಗೆ ಬಂದದ್ದೇ ಅವಳ ಮುಖ ಇಳಿದುಹೋಯಿತು. ಸೀರೆಯ ಮಡಿಕೆಯಿಂದ ಫೋನು ತೆಗೆದು, ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತಳು. ಪಯಣಿಗನೂ ದೋಣಿಯಲ್ಲಿ ಸುಮ್ಮನೆ ಕೂತಿದ್ದ. ಕಡೆಗೆ ಬೆರಳು ಒತ್ತಿದಳು. ಅವಳಿಗೆ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡಿ ಅಭ್ಯಾಸ.

“ಏನೇ ಚಿಕ್ಕಿ?” ಎಂದಿತು ಫೋನು, ಕೋಣೆ ತುಂಬ. “ನಾಳೆ ಎಷ್ಟು ಹೊತ್ತಿಗೆ ಬರೋದು ಅಂತ ಹೇಳು. ನಿಮ್ಮ ಭಾವ ಈಗಲೇ ಷರಟು ತೆಗೆದಿಟ್ಕೊಂಡು ಕೂತಿದಾರೆ, ಇವರನ್ನೇ ಟೀವಿಯಲ್ಲಿ ತೋರಿಸ್ತಾರೇನೋ ಅನ್ನೋ ಹಾಗೆ.”

“ಬರಬೇಡಿ ಅಕ್ಕ. ನನ್ನ ದನಿ ತೆಗೆದುಬಿಟ್ಟಿದಾರೆ. ಬೇರೆಯವಳದ್ದು ಹಾಕಿದಾರೆ.”

ಆ ಕಡೆ ಪಾತ್ರೆಯ ಮೇಲೆ ಸುರಿಯುತ್ತಿದ್ದ ನೀರಿನ ನಲ್ಲಿ ನಿಂತದ್ದು ಕಿವಿಗೆ ಕೇಳಿಸಿತು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಳು, ಬರುವ ಏಟಿಗೆ ಕಾಯುವವಳಂತೆ.

“ತೆಗೆದ್ರಾ?” ಎಂದಳು ಅಕ್ಕ, ತೀರ ತಗ್ಗಿದ ದನಿಯಲ್ಲಿ. “ಅಂದ್ರೆ ನಿಜವಾಗ್ಲೂ ಇತ್ತೇನೇ?”

“ಇತ್ತು.”

“ನೀನು ಸುಮ್ನೆ ಹೇಳ್ತಿದೀಯ ಅಂದ್ಕೊಂಡಿದ್ದೆ ಕಣೇ.”

“ಗೊತ್ತು.”

“ನಾಳೆ ಬಂದೇ ಬರ್ತೀವಿ. ಎಂಟು ಜನಕ್ಕೆ ಅಡಿಗೆಗೆ ಎತ್ತಿಟ್ಟಿದೀಯ ತಾನೇ, ಅದನ್ನೇನು ಮಾಡ್ತೀಯ? ಏನು ಹೇಳಿದ್ದೆ ಅದರಲ್ಲಿ? ಬಂದಾಗ ನೀನೇ ಹೇಳಿ ತೋರಿಸು.”

ಫೋನು ಇಟ್ಟ ಮೇಲೆ ದೊಡ್ಡಕ್ಕ ಮೂಗೊರೆಸಿಕೊಂಡು ಎದ್ದಳು. ಆರಿದ ಚಹಾದ ಲೋಟವನ್ನು ಕೈಗೆತ್ತಿಕೊಂಡು, ಅರ್ಧ ಬರೆದ ಹಳದಿ ಚೀಟಿಯತ್ತ ಒಮ್ಮೆ ನೋಡಿದಳು.

“ಬೇರೆ ಚಹಾ ಇನ್ನಿಲ್ಲ. ಬೇಕಾದ್ರೆ ನೀನೇ ಮಾಡ್ಕೊ.”

“ಮಾಡ್ಕೊಳ್ತೀನಿ.”

“ಮುಂಬಾಗಿಲ ಟೀವಿಗೂ ಹೊಸದು ಹಾಕ್ತೀರಾ?”

“ನಾಳೆ ಬೆಳಿಗ್ಗೆ ಹಾಕಬೇಕಂತೆ. ಪತ್ರಿಕೆಯವರು ಬರ್ತಾರೆ.”

“ಹಾಕಿ. ಅದರ ಹಿಂದೆ ಬಲೆ ಕಟ್ಟಿದೆ, ಟೀವಿ ಸರಿಸಿದಾಗ ಹೇಳು, ಒರೆಸ್ತೀನಿ.” ಬಾಗಿಲವರೆಗೆ ಹೋಗಿ ನಿಂತಳು. “ಮೊದಲೇ ಹೇಳಿದ್ರೆ ಬಯ್ದು ಸುಮ್ನಾಗ್ತಿದ್ದೆ ಕಿವಿಯಪ್ಪ. ಅಷ್ಟೇ ಆಗ್ತಿದ್ದಿದ್ದು.”

“ಹೌದು ದೊಡ್ಡಕ್ಕ” ಎಂದ ಅವನು.

ಅವಳು ಉಳಿದ ಕೆಲಸ ಮುಗಿಸಿ ಮನೆಗೆ ಹೊರಟ ಮೇಲೆ ಅವನು ಕುದುರೆಯ ಗೊರಸಿನ ಸದ್ದನ್ನು ತೆರೆದು, ಏನೂ ಮಾಡದೆ ಮುಚ್ಚಿದ. ಎದ್ದು ಕಿಟಕಿಯ ಬಳಿ ನಿಂತ. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಆ ಕೋಣೆಗೆ ಎರಡು ಪದರದ ಗಾಜು ಹಾಕಿಸಿದ್ದರು. ಸಂಜೆಯ ಬಿಸಿಲು ಇನ್ನೂ ಇತ್ತು. ಕೆಳಗೆ ರಸ್ತೆಯಾಚೆ ಬಸ್ಸಿಗೆ ಜನ ಹತ್ತುತ್ತಿದ್ದರು. ಕೊನೆಯಲ್ಲಿ ದೊಡ್ಡಕ್ಕ, ಚೀಲ ಕಂಕುಳಲ್ಲಿ, ಒಂದು ಕಾಲು ಮೆಟ್ಟಿಲ ಮೇಲೆ. ಅಷ್ಟರಲ್ಲಿ ಮೂಲೆಯ ಅಂಗಡಿಯ ಕಡೆಯಿಂದ ಒಬ್ಬ ಮುದುಕ ಕೈಯೆತ್ತಿಕೊಂಡು, ಓಡಲಾರದೆ ಓಡಿ ಬರುತ್ತಿದ್ದ. ಅವನು ಇನ್ನೂ ದೂರವಿರುವಾಗಲೇ ಬಸ್ಸು ಅಲುಗಿ, ಮುಂದಕ್ಕೆ ಹೊರಟಿತು.

ದೊಡ್ಡಕ್ಕ ಮೆಟ್ಟಿಲ ಮೇಲೆ ನಿಂತು, ಬಾಗಿಲ ಕಂಬಿ ಹಿಡಿದು, ಡ್ರೈವರನ ಕಡೆ ಕತ್ತು ಹೊರಳಿಸಿ ಬಾಯಿ ತೆರೆದಳು. ಗಾಜಿನಿಂದೀಚೆ ಏನೂ ಕೇಳಿಸಲಿಲ್ಲ. ಬಸ್ಸು ನಿಂತಿತು.