ಹುಟ್ಟಿದ ಮನೆಯ ವೀಸಾ ಕೋಣೆ

ದೂತಾವಾಸದ ಬಾಗಿಲಲ್ಲಿ ಕಾವಲುಗಾರ ಆಕೆಯ ಫೋನು ತೆಗೆದಿಟ್ಟುಕೊಂಡು, "ಒಳಗೆ ಹೋಗಿ ಬಲಕ್ಕೆ ತಿರುಗಿ ಅಮ್ಮಾ" ಎಂದ. ಆಕೆಗೆ ದಾರಿ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕಪಕ್ಕದ ಮನೆಗಳಿಗೆ ಗೋಡೆ ತಾಗಿಸಿಕೊಂಡು ನಿಂತಿದ್ದ ಆ ಇಕ್ಕಟ್ಟಾದ ಮೂರಂತಸ್ತಿನ ಮನೆಯಲ್ಲೇ ಆಕೆ ಹುಟ್ಟಿ ಬೆಳೆದದ್ದು. ಅಪ್ಪ ತೀರಿಕೊಂಡ ಮೇಲೆ ತಂಗಿ ಹಟ ಹಿಡಿದು ಮಾರಿಸಿದ್ದಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿರಲಿಲ್ಲ. ಮನೆ ಕೊಂಡು ದೂತಾವಾಸ ಮಾಡಿಕೊಂಡವರ ದೇಶಕ್ಕೇ ತಂಗಿ ಗಂಡನೊಂದಿಗೆ ಹೋಗಿ ನೆಲೆಸಿದ್ದಳು. ಈಗ ಅಲ್ಲಿನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದಳು. "ಬರೋದಾದ್ರೆ ಬೇಗ ಬನ್ನಿ ಅತ್ತಿಗೆ" ಎಂದು ಅವಳ ಗಂಡ ಫೋನಿನಲ್ಲಿ ಹೇಳಿದ್ದ.

ನಡುಮನೆಗೆ ಗಾಜಿನ ಅಡ್ಡಗೋಡೆ ಬಂದಿತ್ತು. ಅದರಾಚೆಯ ಕೋಣೆಗೆ ಕರೆದಾಗ ಆಕೆಯ ಕಾಲು ಹೊಸಿಲಲ್ಲೇ ತಡೆಯಿತು.

ಮೇಜಿನ ಹಿಂದೆ ಚಿಕ್ಕ ವಯಸ್ಸಿನ ಅಧಿಕಾರಿಣಿ ಇದ್ದಳು. "ತಂಗಿ ಜೊತೆ ಕೊನೇ ಸಲ ಮಾತಾಡಿದ್ದು ಯಾವಾಗ?"

"ಈ ಮನೆ ಮಾರಿದಾಗ."

"ಯಾವ ಮನೆ?"

"ಇದೇ. ನೀವು ಕೂತಿರೋದು ನಮ್ಮಮ್ಮನ ಕೋಣೇಲಿ. ನಾವಿಬ್ರೂ ಹುಟ್ಟಿದ್ದು ಇಲ್ಲೇ."

ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. "ಇಷ್ಟು ವರ್ಷ ಮಾತೇ ಆಡಿಲ್ಲ. ಈಗ ಹೋಗ್ತೀರಾ?"

"ಸಿಟ್ಟು ಮಾಡ್ಕೊಳ್ಳೋಕಾದ್ರೂ ಅವಳು ಇರಬೇಕಲ್ಲಮ್ಮ."

ಆ ಹುಡುಗಿ ಬಾಗಿಲಿನಿಂದ ಫೋನು ತರಿಸಿ ಆಕೆಯ ಕೈಗಿತ್ತಳು. "ಇಲ್ಲಿ ಫೋನ್ ಮಾಡೋ ಹಾಗಿಲ್ಲ. ಆದ್ರೂ ಮಾಡಿ. ವೀಸಾ ಬರೋಕೆ ಟೈಮ್ ಹಿಡಿಯುತ್ತೆ."

ಆಕೆ ಕರೆ ಮಾಡಿದಳು. ಆಸ್ಪತ್ರೆಯಲ್ಲಿ ತಂಗಿಯ ಗಂಡ ಫೋನನ್ನು ಅವಳ ಕಿವಿಗಿಟ್ಟ.

"ನಾನು ಕಣೇ. ಅಮ್ಮನ ಕೋಣೇಲಿದ್ದೀನಿ."

ಏದುಸಿರಿನ ನಡುವೆ ತಂಗಿಯ ಸಣ್ಣ ದನಿ: "ಮರದ ಮೆಟ್ಟಿಲು ಇದೆಯಾ ಅಕ್ಕಾ?"

"ಇದೆ. ಬಣ್ಣ ಬಳಿದು ಮದುಮಗಳ ಹಾಗೆ ಮಾಡಿದ್ದಾರೆ."

"ನಡುಮನೆ?"

"ಗಾಜು ಹಾಕಿ ಎರಡು ಮಾಡಿದ್ದಾರೆ. ಚಾವಣಿಯ ಗಾರೆ ಹೂವು ಅರ್ಧ ಈ ಕಡೆ, ಅರ್ಧ ಆ ಕಡೆ."

"ಹೂವನ್ನೂ ಪಾಲು ಮಾಡಿದ್ರಾ?" ತಂಗಿ ನಕ್ಕಳು. ನಗು ಕೆಮ್ಮಿಗೆ ತಿರುಗಿತು. "ನಾನು ಮಾರಿಸಬಾರದಿತ್ತು."

"ಹೋಗ್ಲಿ ಬಿಡೇ. ಮೂರಂತಸ್ತೂ ಗುಡಿಸಿ ನನ್ನ ಸೊಂಟ ಬಿದ್ದುಹೋಗ್ತಿತ್ತು."

ಅಧಿಕಾರಿಣಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ವೀಸಾ ಆ ವಾರವೇ ಬಂತು. ಆಕೆ ರಾತ್ರಿ ಆಸ್ಪತ್ರೆ ತಲುಪುವ ಹೊತ್ತಿಗೆ ತಂಗಿಗೆ ಮಾತು ಹೋಗಿತ್ತು. ಆದರೂ ಅಕ್ಕನನ್ನು ಕಂಡು ಪಕ್ಕಕ್ಕೆ ಸರಿಯಲು ನೋಡಿದಳು, ಜಾಗ ಮಾಡಿಕೊಡುವವಳಂತೆ. ನರ್ಸು ಬೇಡವೆಂದರೂ ಕೇಳದೆ ಅಕ್ಕ ಚಪ್ಪಲಿ ಬಿಟ್ಟು, ಆ ಕಬ್ಬಿಣದ ಮಂಚದ ಅಂಚಿನಲ್ಲಿ ಅವಳ ಪಕ್ಕ ಮಲಗಿಕೊಂಡಳು. ಬೆಳಗಾಗುವವರೆಗೂ ಏಳಲಿಲ್ಲ.