ಹೊಸ ಭಟ್ಟಿಯ ಬಡ್ಡಿ

ನಮ್ಮ ಷೇರು ಸಲಹಾ ಕಚೇರಿಯಲ್ಲಿ ನನ್ನ ಮೇಲಧಿಕಾರಿಗೆ ‘ಅಡಿಟಿಪ್ಪಣಿ ಅಕ್ಕ’ ಎಂದು ಹೆಸರಿಟ್ಟವನು ನಾನೇ. ಯಾವ ಕಂಪನಿಯ ವಾರ್ಷಿಕ ವರದಿ ಬಂದರೂ ಕೊನೆಯ ಪುಟದಿಂದ ಶುರುಮಾಡಿ, ಸಣ್ಣ ಅಕ್ಷರದ ಸಾಲುಗಳ ಕೆಳಗೆ ಸ್ಕೇಲು ಇಟ್ಟುಕೊಂಡು ಓದುತ್ತಿದ್ದರು. ಆ ನಿಧಾನ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಸಲ ನನ್ನ ಪಾಲಿಗೆ ಬಂದದ್ದು ಒಂದು ಟೈಲ್ಸ್ ಕಂಪನಿ. ಪೇಟೆಯಲ್ಲಿ ಷೇರು ಮುನ್ನೂರಕ್ಕಿತ್ತು. ಲಾಭ ಏರಿದ್ದು ನೋಡಿ, ನಾನೂರ ಹತ್ತು ಬಾಳುತ್ತದೆ, ಕೊಳ್ಳಿ ಎಂದು ಬರೆದೆ. ಅದೇ ಕಂಪನಿಯ ಮೂರು ಸಾವಿರ ಷೇರು ಅಕ್ಕನ ಹತ್ತಿರವಿದ್ದದ್ದು ಕಚೇರಿಗೆಲ್ಲ ಗೊತ್ತು. ಎಂಟು ವರ್ಷ ಸಂಬಳದಲ್ಲಿ ಉಳಿಸಿ, ಸ್ವಂತ ಮನೆಗೆಂದು ಕೊಂಡದ್ದು. ಷೇರು ನಾನೂರು ಮುಟ್ಟಿದರೆ ಎರಡು ಕೋಣೆಯ ಮನೆಗೆ ಮುಂಗಡ ಕೊಡುವವರಿದ್ದರು. ಬಾಡಿಗೆ ಮನೆಯ ಮಾಲೀಕ ಬೇರೆ ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದ. ನಿಮ್ಮ ಮನೆ ನಾನೇ ಕಟ್ಟಿಕೊಟ್ಟೆ ಎಂದು ತಮಾಷೆ ಮಾಡುತ್ತಾ ಕರಡನ್ನು ಅವರ ಸಹಿಗೆ ಇಟ್ಟೆ.

ಮಧ್ಯಾಹ್ನ ಕರೆದರು. ಸ್ಕೇಲು ಕೊನೆಯ ಪುಟದ ಒಂದು ಸಾಲಿನ ಕೆಳಗಿತ್ತು. ಟೈಲ್ಸ್ ಸುಡುವ ಹೊಸ ಭಟ್ಟಿಗೆ ತೆಗೆದ ಸಾಲದ ಬಡ್ಡಿಯನ್ನು ಕಂಪನಿ ಖರ್ಚಿಗೆ ಹಾಕಿರಲಿಲ್ಲ. ಭಟ್ಟಿಯನ್ನು ಇನ್ನೂ ಕಟ್ಟುತ್ತಿದ್ದೇವೆಂದು ಹೇಳಿ ಕಟ್ಟುವ ವೆಚ್ಚದಲ್ಲಿ ಅಡಗಿಸಿತ್ತು. ಕಟ್ಟಿ ಮುಗಿಯುವವರೆಗೆ ಹಾಗೆ ಮಾಡಬಹುದಲ್ಲ ಎಂದೆ. ಅಕ್ಕ ಅದೇ ವರದಿಯ ಮೊದಲ ಬಣ್ಣದ ಪುಟ ತೆರೆದರು. ಅಧ್ಯಕ್ಷರ ನಗುಮುಖದ ಹಿಂದೆ ಹೊಸ ಭಟ್ಟಿ ಧಗಧಗ ಉರಿಯುತ್ತಿತ್ತು. ಕೆಲಸಗಾರರು ಟೈಲ್ಸ್ ಇಳಿಸುತ್ತಿದ್ದರು. ಚಿತ್ರದ ಕೆಳಗೆ ಇದ್ದದ್ದು ಆ ಹಣಕಾಸು ವರ್ಷದ ಎರಡನೇ ತಿಂಗಳು, ಮೇ ತಿಂಗಳ ತಾರೀಕು. ಮೊದಲ ಪುಟದಿಂದ ಓದುವ ನಾನು ಅದನ್ನು ಕಂಡೂ ಕಂಡಿರಲಿಲ್ಲ.

“ಭಟ್ಟಿ ಉರೀತಿದ್ರೆ ಬಡ್ಡಿ ಖರ್ಚಿಗೇ ಬರ್ಬೇಕಲ್ವಾ?” ಎಂದರು.

ಅಲ್ಲಿಂದ ವರ್ಷದ ಕೊನೆಯವರೆಗಿನ ಬಡ್ಡಿ ಕಳೆದಾಗ ಲಾಭ ಅರ್ಧಕ್ಕಿಳಿಯಿತು. ನನ್ನ ನಾನೂರ ಹತ್ತು ಇನ್ನೂರ ಐದಾಯಿತು. ಇಂಥ ಕಣ್ಣು ನನಗೆ ಈ ಜನ್ಮದಲ್ಲಿ ಬರುವುದಿಲ್ಲ ಎನ್ನಿಸಿತು. ಆದರೂ ದೊಡ್ಡ ಬುದ್ಧಿವಂತನ ಹಾಗೆ ಒಂದು ಉಪಾಯ ಹೇಳಿದೆ: ಇವತ್ತು ಷೇರು ಮಾರಿಬಿಡಿ, ನಮ್ಮ ವರದಿ ನಾಳೆ ಹೋಗಲಿ, ಯಾರಿಗೂ ತಿಳಿಯುವುದಿಲ್ಲ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ನಾನು ಮಾರಿದ್ರೆ ಯಾರೋ ಒಬ್ರು ಕೊಳ್ತಾರಲ್ಲಪ್ಪ. ಅವ್ರೂ ಮನೆಗೇ ಕೂಡಿಟ್ಟಿರ್ತಾರೆ.”

ಕೊಳ್ಳಬೇಡಿ ಎಂಬ ವರದಿ ಸಂಜೆಯೇ ಹೋಯಿತು. ಕಂಪನಿಯವರು ಫೋನಿನಲ್ಲಿ ಹಾರಾಡಿದರು, ಆಮೇಲೆ ತೆಪ್ಪಗೆ ಲೆಕ್ಕ ತಿದ್ದಿದರು. ಅಷ್ಟರಲ್ಲಿ ಷೇರು ಇನ್ನೂರ ಹತ್ತಕ್ಕೆ ಇಳಿದಿತ್ತು. ಎರಡು ಕೋಣೆಯ ಮನೆ ಬೇರೆಯವರ ಪಾಲಾಯಿತು.

ಹತ್ತು ದಿನದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಕೂಡಿಟ್ಟ ಹಣವನ್ನೆಲ್ಲ ಆ ಷೇರಿಗೇ ಹಾಕಲು ಹೊರಟು, ನಮ್ಮ ವರದಿ ಓದಿ ಕೈಬಿಟ್ಟರಂತೆ. ಉಳಿದ ಸಲಹೆಗಾರರೆಲ್ಲ ಕೊಳ್ಳಿ ಎನ್ನುತ್ತಿದ್ದಾಗ ನಮ್ಮನ್ನೇ ಏಕೆ ನಂಬಿದಿರಿ ಎಂದು ಕೇಳಿದೆ.

“ಕೊನೇ ಪುಟ ನೋಡ್ದೆ. ಬರೆದವ್ರ ಹತ್ರಾನೇ ಮೂರು ಸಾವಿರ ಷೇರಿದೆ, ಒಂದನ್ನೂ ಮಾರಿಲ್ಲ ಅಂತ ಸಣ್ಣಕ್ಷರದಲ್ಲಿತ್ತು. ನಂಗೆ ಅಷ್ಟು ಸಾಕಾಯ್ತು.”

ನನ್ನ ಹೆಸರೂ ಇದ್ದ ಆ ವರದಿಯ ಕೊನೆಯ ಪುಟವನ್ನು ನಾನೇ ಓದಿರಲಿಲ್ಲ. ತೆಗೆದು ಓದಿದೆ. ನಾಚಿಕೆಯಾಯಿತು. ಎದುರಿನ ಮೇಜಿನಲ್ಲಿ ಅಕ್ಕ, ಮತ್ತೊಂದು ಬಾಡಿಗೆ ಮನೆಗೆ ಸಾಮಾನು ಸಾಗಿಸಲು ಖಾಲಿ ರಟ್ಟಿನ ಪೆಟ್ಟಿಗೆಗಳು ಸಿಗುತ್ತವೆಯೇ ಎಂದು ಜವಾನನನ್ನು ಕೇಳುತ್ತಿದ್ದರು. ನಾನು ಎದ್ದು ಹೋಗಿ, ಭಾನುವಾರ ಸಾಮಾನು ಹೊರಲು ಬರುತ್ತೇನೆ ಎಂದೆ.